ಮುಯ್ಯಿಗೆ ಬಂದ ಮೂರು ಪ್ರವಾಹ

ಮಿರ್ಲೆಯ ರೂಪಶ್ರೀ ಕಟ್ಟಿದ ಮೊದಲ ಕಟ್ಟಿನಲ್ಲಿ ಎಪ್ಪತ್ತೊಂದು ಎಲೆಗಳಿದ್ದವು. ‘ಕೋಟೆ ಕಾಳಗ’ ಎಂಬ ಆ ಕಾರ್ಡಿನ ಆಟಕ್ಕೆ ನಲವತ್ತು ಎಲೆ ಸಾಕು. ಹೆಚ್ಚಿದ್ದರೆ ತಪ್ಪಲ್ಲ ಎಂದೂ ನಿಯಮದಲ್ಲಿದೆ. ಅದನ್ನು ನಂಬಿ ಅವಳು ಕೈಗೆ ಬಂದದ್ದನ್ನೆಲ್ಲ ಸೇರಿಸಿದ್ದಳು: ಎರಡು ಕುದುರೆ, ಒಂದು ಮೊಸಳೆ, ಒಬ್ಬ ಮಂತ್ರವಾದಿ, ಯಾವ ಕೆಲಸಕ್ಕೂ ಬಾರದ ಒಂದು ಸೇತುವೆ.

“ಇದು ಕಟ್ಟಲ್ಲ ಮೇಡಂ, ಸಂತೆ ಬ್ಯಾಗು,” ಎಂದ ಸುನೀಲ್ಕುಮಾರ್. ಕೆ.ಆರ್. ನಗರದಲ್ಲಿ ಮೊಬೈಲ್ ರಿಪೇರಿ ಮಾಡುವ ಅವನು ಆ ಮೇಜಿನಲ್ಲಿ ಎಲ್ಲರಿಗಿಂತ ಚುರುಕಾಗಿ ಆಡುತ್ತಿದ್ದ. ಹಾಗೆಂದು ಅವನೇ ಹೇಳುತ್ತಿದ್ದ.

“ಸಂತೆ ಬ್ಯಾಗಲ್ಲಿ ಎಲ್ಲಾನೂ ಇರ್ತದೆ. ಒಳ್ಳೇದೇ ಅಲ್ವಾ?”

“ಇರ್ತದೆ. ಕೈ ಹಾಕ್ದಾಗ ಸಿಗೋದು ಮಾತ್ರ ಕರಿಬೇವು.”

ಆ ದಿನ ಅವಳು ನಾಲ್ಕು ಆಟ ಆಡಿ ನಾಲ್ಕನ್ನೂ ಸೋತಳು. ನಾಲ್ಕರಲ್ಲೂ ಸೇತುವೆ ಬಂತು.

ಮೇಜು ಇದ್ದದ್ದು ವೀರಭದ್ರಸ್ವಾಮಿಯವರ ಬೇಕರಿಯ ಮಹಡಿಯಲ್ಲಿ. ಅದಕ್ಕೂ ಕೆಲವು ವಾರ ಮೊದಲು ಒಂದು ಭಾನುವಾರ, ಪಕ್ಕದ ಅಂಗಡಿಯಲ್ಲಿ ಪಂಪಿನ ಮೋಟರಿಗೆ ತಂತಿ ಸುತ್ತಿಸಲು ಗಂಡ ಶಿವಶಂಕರ್ ನಿಂತಿದ್ದಾಗ, ರೂಪಶ್ರೀ ಕಾಫಿ ಕುಡಿದು ಮಹಡಿಯ ಬೆಂಚಿನ ಮೇಲೆ ಕೂತಿದ್ದಳು. ಅಲ್ಲಿ ಏಳು ಜನ ಎಂಟನೆಯವರಿಗಾಗಿ ಕಾಯುತ್ತಿದ್ದರು. ಎಂಟು ಜನ ಆಡಿದರೆ ಮಾತ್ರ ಆ ವಾರದ ಆಟವನ್ನು ಎಲೆಗಳನ್ನು ಮಾರುವ ಕಂಪನಿ ಲೆಕ್ಕಕ್ಕೆ ಹಿಡಿಯುತ್ತದೆ. ವೀರಭದ್ರಸ್ವಾಮಿ ಅವಳ ಬಳಿ ಬಂದರು.

“ಸುಮ್ನೆ ಕೂತ್ಕಳವ್ವ ಸಾಕು. ನಿನ್ ಎಲೆ ನಾವೇ ಆಡ್ಕತೀವಿ.”

“ಕೂತ್ಮೇಲೆ ನಾನೇ ಆಡ್ತೀನಿ ಬುಡಿ,” ಎಂದಳು ರೂಪಶ್ರೀ.

ಮೋಟರು ಸಂಜೆಗೆ ತಯಾರಾಯಿತು. ಶಿವಶಂಕರ್ ಅದನ್ನು ಗಾಡಿಗೆ ಏರಿಸಿ, ಹೆಂಡತಿಗಾಗಿ ಇನ್ನೊಂದು ಗಂಟೆ ಕಾದ. ಮುಂದಿನ ಭಾನುವಾರ ಮನೆಯಲ್ಲಿ ಎಲ್ಲ ಮೋಟರುಗಳೂ ಸರಿಯಾಗಿದ್ದವು. ರೂಪಶ್ರೀ ಬಸ್ಸು ಹತ್ತಿ ಒಬ್ಬಳೇ ಹೋದಳು.

ಮಿರ್ಲೆಯಲ್ಲಿ ಇದಕ್ಕೆ ‘ಇಸ್ಪೀಟ್’ ಎಂದೇ ಹೆಸರಾಯಿತು. ಅತ್ತೆ ಸಾಕಮ್ಮ ಒಂದು ದಿನ ಎಲೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ರಾಜ ಇಲ್ಲ, ರಾಣಿ ಇಲ್ಲ, ಜೋಕರ್ ಇಲ್ಲ.

“ಜೋಕರ್ ಇಲ್ದಿದ್ಮೇಲೆ ಅದೆಂಥ ಇಸ್ಪೀಟು? ಯಾರೋ ನಿಂಗೆ ಟೋಪಿ ಹಾಕವ್ರೆ ಕಣವ್ವ,” ಎಂದರು.

ಆಟ ಕಷ್ಟದ್ದೇನಲ್ಲ. ಇಬ್ಬರಿಗೂ ಇಪ್ಪತ್ತು ಕಲ್ಲಿನ ಒಂದೊಂದು ಕೋಟೆ. ಮೊದಲಿಗೆ ಕೈಯಲ್ಲಿ ಏಳು ಎಲೆ, ಆಮೇಲೆ ಸರದಿ ಬಂದಾಗಲೆಲ್ಲ ಕಟ್ಟಿನ ಮೇಲಿಂದ ಒಂದು ಎಲೆ ತೆಗೆಯಬೇಕು. ‘ಕಾಳು’ ಎಂಬ ಎಲೆಗಳು ಮೇವು. ಕಾಳಿದ್ದಷ್ಟು ಸೈನ್ಯ ಇಳಿಸಬಹುದು. ಎದುರಿನವರ ಕೋಟೆಯನ್ನು ಮೊದಲು ಕೆಡವಿದವರು ಗೆದ್ದರು. ಕಾಳು ಬಿಟ್ಟು, ಒಂದೇ ಹೆಸರಿನ ಎಲೆ ಮೂರಕ್ಕಿಂತ ಹೆಚ್ಚು ಇಡುವಂತಿಲ್ಲ; ಆದರೆ ಕುದುರೆ, ಇಲಿಗಳಲ್ಲಿ ಹಲವು ಹೆಸರಿನವು ಇವೆ. ಕಷ್ಟವೆಲ್ಲ ಆಟಕ್ಕೆ ಮೊದಲೇ, ಕಟ್ಟು ಕಟ್ಟುವುದರಲ್ಲಿ.

ರೂಪಶ್ರೀ ಎಪ್ಪತ್ತೊಂದರಿಂದ ನಲವತ್ತಕ್ಕೆ ಇಳಿಯಲು ಒಂದು ಮಳೆಗಾಲ ಹಿಡಿಯಿತು. ಸೇತುವೆ ಮೊದಲು ಹೋಯಿತು. ಮಂತ್ರವಾದಿಯನ್ನು ತೆಗೆದು, ಮನಸ್ಸು ಕೇಳದೆ ಮತ್ತೆ ಸೇರಿಸಿ, ಮತ್ತೆ ತೆಗೆದಳು. ಕೊನೆಗೆ ಉಳಿದದ್ದು ನೀರಿನ ಕಟ್ಟು. ತೂಬು, ಕಾಲುವೆ, ಮಡು, ಎಲ್ಲವೂ ಎದುರಾಳಿಯನ್ನು ತಡವಾಗಿಸುವ ಎಲೆಗಳು. ಕೊನೆಯಲ್ಲಿ ಮೂರು ಮೊಸಳೆ. ಮೊಸಳೆ ಇಳಿಯುವವರೆಗೆ ಕೋಟೆ ನಿಂತಿದ್ದರೆ ಆಟ ಅವಳದು. ನಿಲ್ಲಬೇಕಲ್ಲ. ಕುದುರೆ ಕಟ್ಟಿನವರು ಮೊಸಳೆ ಕಣ್ಣು ಬಿಡುವ ಮೊದಲೇ ಕೋಟೆ ಒಡೆದು ಚಹಾ ಕುಡಿಯಲು ಕೆಳಗಿಳಿಯುತ್ತಿದ್ದರು. ಸುನೀಲ್ಕುಮಾರನದು ಕುದುರೆ ಕಟ್ಟು.

ಹದಿನೆಂಟು ಕಾಳು ಇಟ್ಟರೆ ಕೈತುಂಬ ಕಾಳೇ ಬರುತ್ತಿತ್ತು. ಹದಿನಾರಕ್ಕೆ ಇಳಿಸಿದಾಗ ಮೊಸಳೆ ಹಸಿದು ಕೈಯಲ್ಲೇ ಕೂತಿತು. ಹದಿನೇಳಕ್ಕೆ ನಿಲ್ಲಿಸಿದಳು. ಹಾಲು ಕಾಯುವಾಗ ಒಲೆಯ ಪಕ್ಕದಲ್ಲಿ ಏಳೇಳು ಎಲೆ ಹಂಚಿ ನೋಡುವುದು, ಮತ್ತೆ ಕಲೆಸುವುದು. ಎರಡು ಸಲ ಹಾಲು ಉಕ್ಕಿತು. ಒಂದು ತೂಬಿನ ಎಲೆಗೆ ಈಗಲೂ ಕೆನೆಯ ವಾಸನೆ ಇದೆ.

ಕೊರತೆ ಏನೆಂದು ಅವಳಿಗೆ ಗೊತ್ತಿತ್ತು. ‘ಪ್ರವಾಹ’ ಎಂಬ ಎಲೆ. ಅದನ್ನು ಇಳಿಸಿದರೆ ಕಣದಲ್ಲಿರುವ ಸೈನ್ಯವೆಲ್ಲ ಕೊಚ್ಚಿಹೋಗುತ್ತದೆ, ಕುದುರೆಯಾಗಲಿ ಕಾಲಾಳಾಗಲಿ. ಅದು ಅಪರೂಪದ ಎಲೆ. ಆ ಮೇಜಿನಲ್ಲಿ ಅದು ಇದ್ದದ್ದು ಮಾದೇಶನೊಬ್ಬನ ಬಳಿ, ಮೂರು.

ಮಾದೇಶನ ಊರು ಎನ್. ಬೇಗೂರಿನ ಹತ್ತಿರ, ಕಾಡಂಚಿನ ಒಂದು ಹಾಡಿ. ವರ್ಷದಲ್ಲಿ ಕೆಲವು ತಿಂಗಳು ಗಡಿಯಾಚೆ ಶುಂಠಿ ಹೊಲದಲ್ಲಿ ಕೂಲಿ, ಬೇಸಿಗೆ ಹತ್ತಿರವಾದಾಗ ಕಾಡಿನ ಬೆಂಕಿ ಕಾವಲು. ಆಟ ಕಲಿತದ್ದು ಶುಂಠಿ ಹೊಲದ ಶೆಡ್ಡಿನಲ್ಲಿ, ಮಲಯಾಳಿ ಹುಡುಗರ ಜೊತೆ. ತಿಂಗಳಿಗೊಮ್ಮೆ ಎರಡು ಬಸ್ಸು ಬದಲಿಸಿ ಕೆ.ಆರ್. ನಗರಕ್ಕೆ ಬರುತ್ತಿದ್ದ. ಅವನದು ಇಲಿಗಳ ಕಟ್ಟು. ಸಣ್ಣವು, ಬೇಗ ಬರುವವು, ಬೇಗ ಸಾಯುವವು. ಒಮ್ಮೆ ಸುನೀಲ್ಕುಮಾರ್ ಅವನಿಗೆ ಒಳ್ಳೆಯ ಆನೆಯ ಎಲೆಯೊಂದನ್ನು ಪುಕ್ಕಟೆ ಕೊಡಲು ಹೋದ.

“ಆನೆ ಬ್ಯಾಡ ಕಣಣ್ಣ. ದಿನಾ ನೋಡ್ತೀವಿ. ಭಾನ್ವಾರನೂ ನೋಡ್ಬೇಕಾ?” ಎಂದ ಮಾದೇಶ.

ಎಲೆಗಳನ್ನು ಒಬ್ಬರಿಗೊಬ್ಬರು ಕೊಡುವ ಪದ್ಧತಿ ಆ ಮೇಜಿಗೆ ಬಂದದ್ದು ರೂಪಶ್ರೀಯಿಂದ. ಮಿರ್ಲೆಯಲ್ಲಿ ಅವಳದು ಹನ್ನೊಂದು ಹೆಂಗಸರ ಮುಯ್ಯಾಳು ಗುಂಪು. ಇವತ್ತು ನಿನ್ನ ಗದ್ದೆಗೆ ನಾವು ನಾಟಿ ಹಾಕಿದರೆ, ನಾಳೆ ನಮ್ಮ ಗದ್ದೆಗೆ ನೀನು ಬರಬೇಕು. ದಿನಕ್ಕೆ ದಿನ. ಮುಯ್ಯಿ ಇರುವವರು ಕರೆದರೆ ಹೋಗಲೇಬೇಕು. ನಿನ್ನ ಗದ್ದೆಯಲ್ಲಿ ಅರ್ಧ ನಾಟಿ ಉಳಿದಿದ್ದರೂ ಪೈರು ಕೆಳಗಿಟ್ಟು ಹೋಗಬೇಕು. ಕಾರಣ ಕೇಳುವಂತಿಲ್ಲ. ಪುಟ್ಟಮಾದಮ್ಮ ಎಂಬಾಕೆ ಒಂದು ವರ್ಷ ಕಾಲುವೆ ನೀರು ಬರುವ ಮೊದಲೇ ಮುಯ್ಯಿ ಕರೆದಿದ್ದರು. ಉಳಿದ ಹತ್ತೂ ಜನ ಹೋಗಿ ಒಣ ಗದ್ದೆಯ ಬದುವಿನ ಮೇಲೆ ಮಧ್ಯಾಹ್ನದವರೆಗೆ ಕೂತು, ಎಲೆಅಡಿಕೆ ಹಾಕಿಕೊಂಡು ವಾಪಸ್ಸಾದರು. ಅದೂ ಒಂದು ದಿನದ ಲೆಕ್ಕಕ್ಕೇ ಸೇರಿತು. ಯಾರೂ ಆ ಬಗ್ಗೆ ಮಾತಾಡಲಿಲ್ಲ. ಪುಟ್ಟಮಾದಮ್ಮನ ಎದುರಿಗಂತೂ ಆಡಲಿಲ್ಲ.

ಬೇಕರಿಯ ಮಹಡಿಯಲ್ಲೂ ಹಾಗೇ ಆಯಿತು. ಮಾದೇಶನ ಮೂರು ಪ್ರವಾಹ ರೂಪಶ್ರೀಗೆ, ರೂಪಶ್ರೀಯ ಮೂರು ‘ಏರಿ ಕಾವಲು’ ಮಾದೇಶನಿಗೆ. ಏರಿ ಕಾವಲು ಸಾಧಾರಣ ಎಲೆ. ಒಂದು ಸರದಿಯಲ್ಲಿ ಒಂದು ಕುದುರೆಯನ್ನು ತಡೆಯುತ್ತದೆ, ಅಷ್ಟೇ. ಆದರೆ ಎಲೆಗೆ ಎಲೆ.

“ಕರೆದ ದಿನ ಕೊಡ್ಬೇಕು. ಯಾಕೆ ಏನು ಅಂತ ಕೇಳಂಗಿಲ್ಲ,” ಎಂದು ರೂಪಶ್ರೀ ಎಲ್ಲರಿಗೂ ಹೇಳಿದಳು.

ಪ್ರವಾಹ ಬಂದ ಮೇಲೆ ಅವಳ ಕಟ್ಟು ಬೇರೆಯೇ ಆಯಿತು. ಮೂರು ಎಲೆ ಬದಲಾಯಿಸಿದರೆ ಮುಗಿಯುವ ಕೆಲಸವಲ್ಲ ಅದು. ಪ್ರವಾಹ ತನ್ನ ಸೈನ್ಯವನ್ನೂ ಕೊಚ್ಚುವುದರಿಂದ ಸಣ್ಣ ಕಾವಲುಗಾರರನ್ನೆಲ್ಲ ತೆಗೆದಳು. ಕಾವಲಿಲ್ಲವಾದ್ದರಿಂದ ಕಾಲುವೆ ಹೆಚ್ಚಿಸಿದಳು. ಆರು ತಿಂಗಳು ಒಂದೊಂದೇ ಎಲೆ ಬದಲಿಸುತ್ತ ಸುನೀಲ್ಕುಮಾರನ ಕುದುರೆಗಳ ಎದುರು ಆಡಿದಳು. ಮೊದಲು ಹತ್ತರಲ್ಲಿ ಎರಡು ಗೆಲ್ಲುತ್ತಿದ್ದವಳು ದೀಪಾವಳಿ ಹೊತ್ತಿಗೆ ಏಳು ಗೆದ್ದಳು. ಸುನೀಲ್ಕುಮಾರ್ ಅವಳನ್ನು ಮೇಡಂ ಎನ್ನುವುದು ಬಿಟ್ಟು ಅಕ್ಕ ಎನ್ನತೊಡಗಿದ.

ಸಂಕ್ರಾಂತಿಯ ಮರುವಾರ ವೀರಭದ್ರಸ್ವಾಮಿ ಮೇಜಿನ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡರು.

“ಕಂಪ್ನಿಯವ್ರು ಸಣ್ಣೂರಿನ ಮೇಜು ಕಮ್ಮಿ ಮಾಡ್ತವ್ರೆ. ಮೈಸೂರಿನ ಪಂದ್ಯದಲ್ಲಿ ನಮ್ಮ ಮೇಜಿನ ಒಬ್ಬರಾದ್ರೂ ಮೊದಲ ಎಂಟರೊಳಗೆ ಬಂದ್ರೆ ಉಳೀತದೆ. ಇಲ್ದಿದ್ರೆ ಇಲ್ಲ. ನಂಗೂ ಐಸ್‌ಕ್ರೀಮ್ ಫ್ರೀಜರ್ ಇಡಕ್ಕೆ ಜಾಗ ಬೇಕು. ಬೇಸರ ಮಾಡ್ಕಬೇಡಿ.”

ಯಾರೂ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಆದರೆ ಆ ದಿನ ಯಾರೂ ಪಫ್ಸ್ ತಿನ್ನಲಿಲ್ಲ.

ಉಳಿದವರಿಗೆ ಮೈಸೂರಿನಲ್ಲಿ ಬೇರೆ ಮೇಜುಗಳಿದ್ದವು. ರೂಪಶ್ರೀಗೆ ಇರಲಿಲ್ಲ. ಮಿರ್ಲೆಯಿಂದ ಕೆ.ಆರ್. ನಗರಕ್ಕೆ ಹೋಗಿ, ಸಂಜೆ ಹಸು ಕರೆಯುವ ಹೊತ್ತಿಗೆ ಹಿಂದಿರುಗಬಹುದು. ಮೈಸೂರಿಗಾದರೆ ಆಗದು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳು ಸೊಸೆಯಾಗಿಯೋ ನಾಟಿಗುಂಪಿನ ಯಜಮಾನತಿಯಾಗಿಯೋ ಅಲ್ಲದೆ ಬರೀ ರೂಪಶ್ರೀಯಾಗಿ ಕೂರುತ್ತಿದ್ದದ್ದು ಆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಕಟ್ಟಿನಿಂದ ಒಂದು ಕಾಲುವೆ ತೆಗೆದು ಒಂದು ಮಡು ಸೇರಿಸಿದಳು.

ಪಂದ್ಯ ಫೆಬ್ರವರಿಯಲ್ಲಿ. ಹೊರಡಲು ಸಿದ್ಧರಾದವರು ಅವಳು ಮತ್ತು ಸುನೀಲ್ಕುಮಾರ್. ಮಾದೇಶನನ್ನು ಅವಳು ಎಲ್ಲರ ಎದುರೇ ಕೇಳಿದಳು.

“ಮೈಸೂರಿಗೆ ಬತ್ತೀಯೇನ್ಲಾ?”

“ಎಲ್ಲಿ ಬರಾದು ಅಕ್ಕ? ಬೆಂಕಿ ಕಾವಲು ಸುರುವಾಗ್ತದೆ. ಅಲ್ಲಾಡಂಗಿಲ್ಲ.”

“ಹಂಗಾದ್ರೆ ಪ್ರವಾಹ ನನ್ ತಾವೇ ಇರ್ಲಾ?”

“ಇರ್ಲಿ ಬುಡಕ್ಕ.”

ಯಾವ ನಾಟಿಗುಂಪಿನ ಯಜಮಾನತಿಯೂ ಇದಕ್ಕಿಂತ ಹೆಚ್ಚು ಖಾತರಿ ಮಾಡಿಕೊಳ್ಳಲಾರಳು.

ಪಂದ್ಯಕ್ಕೆ ಎರಡು ದಿನ ಮುಂಚೆ ಮಾದೇಶನ ಹಾಡಿಯ ಕಡೆ ಕಾಡಿಗೆ ಅಕಾಲದ ಮಳೆ ಬಿತ್ತು. ಒದ್ದೆ ಕಾಡಿಗೆ ಕಾವಲು ಬೇಡವೆಂದು ಕೂಲಿಯವರನ್ನು ಒಂದು ವಾರ ಮನೆಗೆ ಕಳಿಸಿದರು.

ಮೈಸೂರಿನ ಆ ಕಲ್ಯಾಣ ಮಂಟಪದಲ್ಲಿ ಎಂಬತ್ತು ಜನ ಆಟಗಾರರು ಸೇರಿದ್ದರು. ಆಟ ಶುರುವಾಗುವ ಮೊದಲು ಪ್ರತಿಯೊಬ್ಬರೂ ತಮ್ಮ ಕಟ್ಟಿನ ನಲವತ್ತು ಎಲೆಗಳನ್ನು ಮೇಲ್ವಿಚಾರಕನಿಗೆ ತೋರಿಸಿ ಫೋಟೊ ತೆಗೆಸಬೇಕು. ಆಮೇಲೆ ಒಂದೆಲೆಯನ್ನೂ ಬದಲಿಸುವಂತಿಲ್ಲ. ರೂಪಶ್ರೀ ಸರತಿಯಲ್ಲಿ ನಿಂತಿದ್ದಾಗ ಮಾದೇಶ ಬಾಗಿಲಲ್ಲಿ ಕಾಣಿಸಿಕೊಂಡ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ, ಇಸ್ತ್ರಿ ಅಂಗಿ ಹಾಕಿದ್ದ.

“ಅಕ್ಕಾ, ಮಳೆ ಬಂತು. ರಜ ಸಿಕ್ತು,” ಎಂದ. “ನಾನೂ ಆಡ್ತೀನಿ. ಪ್ರವಾಹ ಬೇಕಿತ್ತು.”

ಸುನೀಲ್ಕುಮಾರ್ ಹಿಂದಿನಿಂದ ಮುಂದೆ ಬಂದ. “ಏನ್ಲಾ ಬೇಕಿತ್ತು? ಇಲಿ ಕಟ್ಟಿಗೆ ಪ್ರವಾಹ ಹಾಕ್ತೀಯಾ? ನಿನ್ ಇಲಿಗಳೇ ಮೊದ್ಲು ಸಾಯೋದು.”

“ಸಾಯ್ಲಿ ಅಂತಾನೇ ಅಣ್ಣ. ‘ಇಲಿಬಿಲ’ ಅಂತ ಎಲೆ ಅದಲ್ಲ, ಒಂದು ಇಲಿ ಸತ್ರೆ ಎರಡು ಬತ್ತವೆ. ಎಲ್ಲಾ ಒಂದೇ ಸಲ ಸತ್ರೆ?” ಮಾದೇಶ ಕೈ ಅಗಲಿಸಿ ತೋರಿಸಿದ. “ಕಾವಲು ಗುಡ್ಸಲಲ್ಲಿ ಕೂತು ಯೋಚ್ನೆ ಮಾಡ್ದೆ. ನಾನು ಎಂಟರೊಳಗೆ ಬಂದ್ರೂ ಮೇಜು ಉಳೀತದಲ್ಲ ಅಕ್ಕ?”

“ಉಳೀತದೆ,” ಎಂದಳು ರೂಪಶ್ರೀ.

ಅವಳು ಮನಸ್ಸಿನಲ್ಲೇ ಆ ಕಟ್ಟನ್ನು ಬಿಡಿಸಿ ನೋಡಿದಳು. ಇಲಿ ಬೇಕು, ಬಿಲ ಬೇಕು, ಪ್ರವಾಹ ಬೇಕು, ಪ್ರವಾಹಕ್ಕೆ ಬೇಕಾದಷ್ಟು ಕಾಳೂ ಬೇಕು. ನಾಲ್ಕೂ ಒಟ್ಟಿಗೆ ಕೈಗೆ ಬಂದರೆ ಅದ್ಭುತ. ನಾಲ್ಕೂ ಒಟ್ಟಿಗೆ ಬರುವುದಿಲ್ಲ. ಇದು ನೀರು ಬಾರದ ಗದ್ದೆ. ಆದರೆ ಮುಯ್ಯಿ ಕರೆದವರ ಗದ್ದೆಯಲ್ಲಿ ನೀರಿದೆಯೋ ಇಲ್ಲವೋ ಎಂದು ಬಂದವರು ಕೇಳುವಂತಿಲ್ಲ.

“ಅಕ್ಕ, ಕೊಡ್ಬೇಡಿ,” ಎಂದ ಸುನೀಲ್ಕುಮಾರ್ ತಗ್ಗಿದ ದನಿಯಲ್ಲಿ. “ಆರು ತಿಂಗಳು ಕಟ್ಟಿದ್ದೀರ. ಮರ್ತು ಮನೇಲಿ ಬಿಟ್ಬಂದೆ ಅನ್ನಿ. ಅವನೇನು ಚೀಲ ಹುಡುಕ್ತಾನಾ?”

“ಕರೆದವ್ನೆ ಕಣೋ,” ಎಂದಳು ರೂಪಶ್ರೀ.

ಸರತಿಯಿಂದ ಹೊರಬಂದು ಮೂವರೂ ಊಟದ ಹಾಲಿನ ಮೇಜಿಗೆ ಹೋದರು. ರೂಪಶ್ರೀ ಮೂರು ಪ್ರವಾಹ ತೆಗೆದುಕೊಟ್ಟಳು. ಮಾದೇಶ ಜೇಬಿನಿಂದ ಅವಳ ಮೂರು ಏರಿ ಕಾವಲನ್ನು ತೆಗೆದುಕೊಟ್ಟ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೂಲೆ ಮಡಿಯದಂತೆ ಇಟ್ಟಿದ್ದ. ಪಕ್ಕದಲ್ಲಿದ್ದ ಮೈಸೂರಿನ ಇಬ್ಬರು ಹುಡುಗರು ಇದನ್ನು ನೋಡುತ್ತ ನಿಂತರು. ಪಂದ್ಯ ಶುರುವಾಗಲು ಕಾಲು ಗಂಟೆ ಇರುವಾಗ ಒಬ್ಬಾಕೆ ತನ್ನ ಕಟ್ಟಿನ ಬೆನ್ನೆಲುಬನ್ನು ಕಿತ್ತು ಎದುರಾಳಿಗೆ ಕೊಟ್ಟು, ಬದಲಿಗೆ ಯಾರೂ ಬಳಸದ ಮೂರು ಎಲೆ ತೆಗೆದುಕೊಂಡದ್ದನ್ನು ಅವರು ಯಾವುದೋ ತಂತ್ರವೆಂದು ಭಾವಿಸಿದರು. ಒಬ್ಬ ಫೋನಿನಲ್ಲಿ ಏನೋ ಹುಡುಕತೊಡಗಿದ.

ಬೇರೆ ಎಲೆ ಸೇರಿಸಲು ಅವಳು ತಂದಿರಲಿಲ್ಲ. ಮೂವತ್ತೇಳಕ್ಕೆ ಮೂರು ಸೇರಿ ನಲವತ್ತಾಯಿತು. ಫೋಟೊ ತೆಗೆಸಿದಳು.

ಆರು ಸುತ್ತಿನ ಪಂದ್ಯ. ಒಂದು ಸೋಲನ್ನು ತಡೆದುಕೊಳ್ಳಬಹುದು, ಎರಡಾದರೆ ಎಂಟರೊಳಗೆ ಜಾಗವಿಲ್ಲ.

ಮಾದೇಶನ ಮೊದಲ ಸುತ್ತು ಆ ಮಂಟಪದಲ್ಲಿ ಬಹಳ ಹೊತ್ತು ಮಾತಿಗೆ ಕಾರಣವಾಯಿತು. ನಾಲ್ಕೂ ಒಟ್ಟಿಗೆ ಬಂದವು. ಒಂದು ಪ್ರವಾಹಕ್ಕೆ ಹತ್ತು ಇಲಿ ಸತ್ತು ಇಪ್ಪತ್ತು ಹುಟ್ಟಿದವು. ಮೇಜಿನ ಮೇಲೆ ಜಾಗ ಸಾಲದೆ ಎದುರಾಳಿಯೇ ತನ್ನ ನೀರಿನ ಬಾಟಲಿ ಸರಿಸಿಕೊಟ್ಟ. ಎರಡನೆಯ ಸುತ್ತಿನಲ್ಲಿ ಪ್ರವಾಹ ಮೂರೂ ಬಂದವು, ಇಲಿ ಬರಲಿಲ್ಲ. ಮೂರನೆಯದರಲ್ಲಿ ಇಲಿ ಬಂದವು, ಕಾಳು ಬರಲಿಲ್ಲ. ಅಲ್ಲಿಗೆ ಅವನ ಪಂದ್ಯ ಮುಗಿಯಿತು. ಸುನೀಲ್ಕುಮಾರ್ ಅವನಿಗಿಂತ ಒಂದು ಸುತ್ತು ಮೊದಲೇ ಎರಡು ಸೋತು ಹೊರಬಿದ್ದಿದ್ದ. ಆ ವಿಷಯವನ್ನು ಅವನು ತಾನಾಗಿ ಎತ್ತಲಿಲ್ಲ.

ಮಾದೇಶ ನೇರ ರೂಪಶ್ರೀಯ ಬಳಿ ಬಂದ. “ತಕ್ಕಳಿ ಅಕ್ಕ. ನಂಗೆ ಇನ್ನ ಬ್ಯಾಡ.”

“ಈಗ ಇಸ್ಕಂಡ್ರೆ ನನ್ನೂ ಆಚೆ ಕಳಿಸ್ತಾರೆ ಕಣೋ. ಫೋಟೊ ತೆಗೆದವ್ರೆ.”

“ಅಯ್ಯೋ,” ಎಂದ ಮಾದೇಶ. ಪ್ರವಾಹಗಳನ್ನು ಕೈಯಲ್ಲೇ ಹಿಡಿದು ನಿಂತ. ಅವನಿಗೆ ಏನು ಅರ್ಥವಾಯಿತು, ಎಷ್ಟು ಅರ್ಥವಾಯಿತು ಎಂಬುದು ಮುಖದಲ್ಲಿ ಕಾಣುತ್ತಿತ್ತು. ಅವಳು ಅತ್ತ ನೋಡಲಿಲ್ಲ.

ಅವಳು ಎರಡನೆಯ ಸುತ್ತು ಸೋತಿದ್ದಳು. ಐದರವರೆಗೆ ಉಳಿದವನ್ನು ಗೆದ್ದಳು. ಹೇಗೆ ಎಂದು ಕೇಳಿದರೆ ನಿಧಾನವಾಗಿ ಎನ್ನಬೇಕು. ಒಂದು ಕಾವಲು ಒಂದು ಕುದುರೆಯನ್ನು ತಡೆಯುತ್ತದೆ, ಅಷ್ಟರಲ್ಲಿ ಒಂದು ಕಾಲುವೆ, ಮತ್ತೊಂದು ಕಾವಲು, ಒಂದು ತೂಬು. ಪ್ರತಿ ಸುತ್ತಿನಲ್ಲೂ ಕೊನೆಗೆ ಮುಗಿಯುವ ಮೇಜು ಅವಳದೇ. ಮೇಲ್ವಿಚಾರಕ ಎರಡು ಸಲ ಗಡಿಯಾರ ನೋಡಿಕೊಂಡು ಅವಳ ಹಿಂದೆ ನಿಂತ. ಐದನೆಯ ಸುತ್ತಿನಲ್ಲಿ ಅವಳ ಕೋಟೆಗೆ ಒಂದೇ ಕಲ್ಲು ಉಳಿದಿದ್ದಾಗ ಮೊಸಳೆ ಇಳಿಯಿತು.

ಆರನೆಯ ಸುತ್ತಿನಲ್ಲಿ ಎದುರಿಗೆ ಕೂತವನು ಕಾಲೇಜಿನ ಹುಡುಗ, ಕುದುರೆ ಕಟ್ಟಿನವನು, ವಿನಯವಂತ. ಆಡುವ ಮೊದಲು “ಆಂಟಿ, ಶುರು ಮಾಡೋಣ್ವಾ?” ಎಂದು ಕೇಳಿದ. ಅವನ ಕಣದಲ್ಲಿ ನಾಲ್ಕು ಕುದುರೆ. ಅವಳ ಕೈಯಲ್ಲಿ ಮೊಸಳೆ, ಮುಂದಿನ ಸರದಿಗೆ ಸಾಕಾಗುವಷ್ಟು ಕಾಳು, ಕೋಟೆಗೆ ಆರು ಕಲ್ಲು. ಈ ಒಂದು ಸರದಿ ದಾಟಬೇಕು. ಸುನೀಲ್ಕುಮಾರ್ ಅವಳ ಭುಜದ ಹಿಂದೆ ನಿಂತಿದ್ದ. ಮಾದೇಶ ನೋಡಲಾರದೆ ಬಾಗಿಲಾಚೆ ಹೋಗಿದ್ದ.

ರೂಪಶ್ರೀ ಮೇಲಿನ ಎಲೆ ತೆಗೆದಳು. ಏರಿ ಕಾವಲು.

ಅದು ಪ್ರವಾಹವಿದ್ದ ಜಾಗ. ಪ್ರವಾಹ ತೆಗೆದ ಸ್ಥಾನಕ್ಕೇ ಆ ಎಲೆ ಹಾಕಿದ್ದರಿಂದ, ಹಳೆಯ ಕಟ್ಟಾಗಿದ್ದರೆ ಈಗ ಕೈಯಲ್ಲಿ ಯಾವುದಿರುತ್ತಿತ್ತು ಎಂದು ಲೆಕ್ಕ ಹಾಕಲು ಬಹಳ ಹೊತ್ತು ಬೇಡ. ಕಾವಲು ಇಳಿಸಿದಳು. ಅದು ಒಂದು ಕುದುರೆಯನ್ನು ತಡೆಯಿತು. ಉಳಿದ ಮೂರು ಸೇರಿ ಆರು ಕಲ್ಲನ್ನೂ ಕೆಡವಿದವು.

“ಚೆನ್ನಾಗಿ ಆಡಿದ್ರಿ ಆಂಟಿ,” ಎಂದ ಹುಡುಗ.

“ನೀನೂವೆ ಕಣಪ್ಪ,” ಎಂದು ಅವಳು ಎಲೆಗಳನ್ನು ಜೋಡಿಸಿಕೊಂಡಳು.

ಮಾದೇಶ ಹೊರಗೆ ಚಪ್ಪಲಿ ರಾಶಿಯ ಪಕ್ಕ ಕೂತಿದ್ದ. ಅವಳ ಮುಖ ನೋಡಿ ಫಲಿತಾಂಶ ಕೇಳಲಿಲ್ಲ. ಬೇರೆಯದನ್ನೇ ಕೇಳಿದ.

“ಕೊನೇಗೆ ಯಾವ ಎಲೆ ಬಂತಕ್ಕ?”

ಸುನೀಲ್ಕುಮಾರ್ ಬಾಯಿ ತೆರೆದ. ರೂಪಶ್ರೀ ಅವನ ಕಡೆ ನೋಡಿದಳು, ನಾಟಿಯಲ್ಲಿ ಸಾಲು ತಪ್ಪಿದವರನ್ನು ನೋಡುವ ಹಾಗೆ. ಅವನು ಬಾಯಿ ಮುಚ್ಚಿದ.

“ಕಾಳು ಬಂತು ಕಣೋ,” ಎಂದಳು. “ಹದಿನೇಳು ಜಾಸ್ತಿ ಆಯ್ತು ಅಂತ ಕಾಣ್ತದೆ. ಹದಿನಾರೇ ಇಡ್ಬೇಕಿತ್ತು.”

ಬಸ್‌ಸ್ಟ್ಯಾಂಡಿನವರೆಗೂ ಮಾದೇಶ ಹದಿನಾರು ಸರಿಯೋ ಹದಿನೇಳು ಸರಿಯೋ ಎಂದು ವಾದಿಸಿದ. ಹದಿನೇಳೇ ಸರಿ ಎಂದು ಅವನ ಅಭಿಪ್ರಾಯ. ಅದು ಸರಿಯಾದ ಅಭಿಪ್ರಾಯವಾಗಿತ್ತು. ಅವಳು ಒಪ್ಪಲಿಲ್ಲ.

ಮಾರ್ಚಿನಲ್ಲಿ ಫ್ರೀಜರು ಬಂತು. ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಕೊಂಡು ಸುನೀಲ್ಕುಮಾರನೇ ಹಗ್ಗ ಕಟ್ಟಿ ಎಳೆಯಬೇಕಾಯಿತು. ವೀರಭದ್ರಸ್ವಾಮಿ ಎಲ್ಲರಿಗೂ ಒಂದೊಂದು ಐಸ್‌ಕ್ರೀಮ್ ಕೊಟ್ಟರು. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ರೂಪಶ್ರೀ ಐಸ್‌ಕ್ರೀಮ್ ಮುಗಿಸಿ, ಕಡ್ಡಿಯನ್ನು ಡಬ್ಬಿಗೆ ಹಾಕಿ ಹೇಳಿದಳು:

“ಬರೋ ಭಾನ್ವಾರ ನಮ್ಮನೇಗೆ ಬನ್ನಿ. ಮುಯ್ಯಿ.”

“ಕಂಪ್ನಿ ಲೆಕ್ಕಕ್ಕೆ ಹಿಡಿಯಲ್ಲ ಅಕ್ಕ,” ಎಂದ ಸುನೀಲ್ಕುಮಾರ್.

“ನಾವು ಹಿಡ್ಕಳಾನ.”

ಹಾಗೆ, ಮತ್ತೆ ಮಳೆ ಬಿದ್ದು ಕಾವಲಿನಿಂದ ಬಿಡುವಾದ ಮಾದೇಶನೂ ಸೇರಿ, ಏಳು ಜನ ಮಿರ್ಲೆಗೆ ಬಂದು ಜಗಲಿಯ ಮೇಲೆ ಚಾಪೆ ಹಾಸಿ ಕೂತರು. ಸಾಕಮ್ಮ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ನೋಡಿದರು. “ಇಸ್ಪೀಟು ಮನೇಗೇ ಬಂತು ಕಣಪ್ಪ,” ಎಂದರು. ಆಮೇಲೆ ಮಾದೇಶನ ಹತ್ತಿರ ಕೂತು, ಇಲಿ ಯಾಕೆ ಸಾಯಬೇಕು ಎಂದು ವಿಚಾರಿಸಿದರು. ಉತ್ತರ ಕೇಳಿ, ಇಲಿ ಸತ್ತರೆ ಎರಡಾಗುವುದು ನಿಜವೇ, ನಮ್ಮ ಕಣಜದಲ್ಲೂ ಹಾಗೇ ಎಂದರು. ಗಂಡ ಶಿವಶಂಕರ್ ಹಸು ಕರೆದು ಬಂದು, ಕಾಫಿ ತಾನೇ ಮಾಡಿದ. ಸಕ್ಕರೆ ಜಾಸ್ತಿಯಾಗಿತ್ತು.

ಸಂಜೆ ಹೊರಡುವಾಗ ಮುಂದಿನ ಮನೆ ಯಾರದೆಂಬ ಮಾತು ಬಂತು. ಸುನೀಲ್ಕುಮಾರನ ಬಾಡಿಗೆ ರೂಮು ಹತ್ತಿರ, ಎಲ್ಲರಿಗೂ ಅನುಕೂಲ. ಅಷ್ಟರಲ್ಲಿ ಮಾದೇಶ ಚಪ್ಪಲಿ ಹಾಕಿಕೊಳ್ಳುತ್ತ, ನೆಲ ನೋಡುತ್ತ, “ಬರೋ ವಾರ ನಮ್ಮ ಹಾಡಿಗೆ ಬನ್ನಿ. ಕರೀತಿದ್ದೀನಿ,” ಎಂದ.

ಎರಡು ಬಸ್ಸು. ಎರಡನೆಯದು ಇಳಿದ ಮೇಲೆ ನಡಿಗೆ. ಆದರೆ ಕರೆದಾಗಿತ್ತು. ಯಾಕೆ ಏನು ಎಂದು ಕೇಳುವಂತಿರಲಿಲ್ಲ.

ಸುನೀಲ್ಕುಮಾರ್ ತನ್ನ ಚಪ್ಪಲಿ ಹುಡುಕಿ ಹಾಕಿಕೊಂಡ. ಆಮೇಲೆ ರೂಪಶ್ರೀಯ ಕಡೆ ತಿರುಗಿ, “ವಾಪಸ್ ಬರಕ್ಕೆ ಬಸ್ಸಿದ್ಯಾ ಅಂತ ಕೇಳ್ಬಹುದಾ ಅಕ್ಕ?” ಎಂದ.

ರೂಪಶ್ರೀ ಯೋಚಿಸಿದಳು.

“ಅದನ್ನ ಕೇಳ್ಬಹುದು,” ಎಂದಳು.